ಹಾಳೆಯಲ್ಲಿ ಇಲ್ಲದ ಸೆಳೆತ

"ಏನಪ್ಪಾ ನಿನ್ನ ಅಕ್ಷರ! ಕೋಳಿ ಕೆದರಿದ ತಿಪ್ಪೆಯಾದ್ರೂ ಇದಕ್ಕಿಂತ ಚೊಕ್ಕವಾಗಿರುತ್ತೆ."

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಬೈಸಿಕೊಳ್ಳುತ್ತಿರುವ ವೈದ್ಯರು ಎದುರಿಗಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಯಾವುದೋ ವಾರ್ಡಿನಲ್ಲಿ ನಿಂತ ಕಾಲಲ್ಲೇ ನಾಲ್ಕು ಸಾಲು ಗೀಚಿ ಮುಂದಿನ ಮಂಚಕ್ಕೆ ಹೋದವರು ಅವರು. ಈಗ ಎಲ್ಲಿದ್ದಾರೋ, ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೋ ಏನೋ. ಆ ನಾಲ್ಕು ಸಾಲಿನ ಚಿತ್ರ ಮಾತ್ರ ಇಲ್ಲಿ ದೊಡ್ಡ ಪರದೆಯ ಮೇಲಿದೆ. ಅದರ ಮುಂದೆ ಅರವತ್ತೊಂದು ವರ್ಷದ ಹೆಂಗಸೊಬ್ಬರು ಭೂತಗನ್ನಡಿ ಹಿಡಿದು ಕೂತಿದ್ದಾರೆ. ಮೌಸಿನ ಚಕ್ರ ತಿರುಗಿಸಿದರೆ ಅಕ್ಷರ ತಾನಾಗಿಯೇ ದೊಡ್ಡದಾಗುತ್ತದೆ ಎಂದು ಅವರಿಗೆ ನೂರು ಸಲ ಹೇಳಿ ಆಗಿದೆ. "ಆಗುತ್ತೆ. ಆದ್ರೆ ಹಾಗೆ ಮಾಡಿದ್ರೆ ಅಕ್ಷರ ನನ್ನ ಹತ್ರ ಬಂದ ಹಾಗೆ. ಇದನ್ನ ಹಿಡಿದ್ರೆ ನಾನೇ ಅಕ್ಷರದ ಹತ್ರ ಹೋದ ಹಾಗೆ," ಎನ್ನುತ್ತಾರೆ. ಇಂಥವರ ಜೊತೆ ವಾದ ಮಾಡಿ ಗೆದ್ದವರುಂಟೇ? ಇಡೀ ಸಂಶೋಧನಾ ಸಂಸ್ಥೆಯಲ್ಲಿ ಅವರ ಹೆಸರೇ ಭೂತಗನ್ನಡಿಯಮ್ಮ ಎಂದಾಗಿಹೋಗಿದೆ.

ಕೋಣೆ ಅರ್ಧ ನೆಲದೊಳಗಿದೆ. ಇರುವ ಒಂದೇ ಕಿಟಕಿ ಬೀದಿಯ ಮಟ್ಟಕ್ಕೆ ಸರಿಯಾಗಿ ಇರುವುದರಿಂದ ಹೊರಗೆ ಓಡಾಡುವವರ ಮೊಣಕಾಲಿನ ಕೆಳಗಷ್ಟೇ ಕಾಣುತ್ತದೆ. ಮೇಜಿನ ಮೇಲೆ ಪರದೆ, ಕೀಬೋರ್ಡು, ಫ್ಲಾಸ್ಕಿನಲ್ಲಿ ಸಕ್ಕರೆಯಿಲ್ಲದ ಚಹಾ. ಕುರ್ಚಿಯ ಮೇಲೆ ಅವರ ಅಕ್ಕ ಹೊಲಿದುಕೊಟ್ಟ ದಪ್ಪ ದಿಂಬು. ಗೋಡೆಗೆ ಅಂಟಿಸಿದ ಕಾಗದದಲ್ಲಿ ಎರಡು ನಿಯಮಗಳಿವೆ: ಬರೆದಿರುವುದಕ್ಕೆ ಮಾತ್ರ ಬಣ್ಣ ಹಾಕಬೇಕು, ಹಾಳೆಯಲ್ಲಿರುವವರ ಗುರುತು ಸಿಕ್ಕರೆ ಆ ಹಾಳೆಯನ್ನು ಎತ್ತಿಟ್ಟು ತಿಳಿಸಬೇಕು. ಇಷ್ಟೇ ಅವರ ಕಚೇರಿ.

ಕೆಲಸವನ್ನು ಹೇಳುವುದು ಸುಲಭ, ಮಾಡುವುದು ಬೇರೆ. ಆರು ಆಸ್ಪತ್ರೆಗಳ ಹಳೆಯ ಕಡತಗಳ ಚಿತ್ರ ತೆಗೆದು ಇಲ್ಲಿಗೆ ಕಳಿಸಿದ್ದಾರೆ. ಎಲ್ಲವೂ ಸಕ್ಕರೆ ಕಾಯಿಲೆಯವರ ಕಡತಗಳು. ಹೆಸರು, ವಿಳಾಸ ಇರುವ ಜಾಗಕ್ಕೆಲ್ಲ ಕಪ್ಪು ಪಟ್ಟಿ ಬಳಿದಿರುತ್ತದೆ. ಭೂತಗನ್ನಡಿಯಮ್ಮ ಒಂದೊಂದು ಹಾಳೆಯನ್ನೂ ಓದಿ, ಇದ್ದದ್ದನ್ನು ಇದ್ದ ಹಾಗೆ ಟೈಪು ಮಾಡಿ, ಆಮೇಲೆ ಮಾತುಗಳಿಗೆ ಬಣ್ಣ ಹಾಕುತ್ತಾರೆ. ರೋಗಿಯ ದೂರಿಗೆ ಹಳದಿ. ಕಾಲಿನ ಹುಣ್ಣು, ಕಣ್ಣು, ಮೂತ್ರಪಿಂಡದ ತೊಂದರೆಗಳಿಗೆ ಕೆಂಪು. ಮೆಗ್ನೀಸಿಯಂ, ಸತು, ಪೊಟ್ಯಾಸಿಯಂನಂಥ ಖನಿಜಗಳ ಮಾತು ಬಂದರೆ ಹಸಿರು. 'ಇಲ್ಲ' ಎಂದು ಬರೆದಿದ್ದರೆ ಬೂದು. ಹೀಗೆ ಬಣ್ಣ ಹಾಕಿದ ಸಾವಿರಾರು ಹಾಳೆಗಳನ್ನು ನೋಡಿ ನೋಡಿ ಕಂಪ್ಯೂಟರು ಓದು ಕಲಿಯಬೇಕು. ಕಲಿತ ಮೇಲೆ ಉಳಿದ ಲಕ್ಷಗಟ್ಟಲೆ ಕಡತಗಳನ್ನು ತಾನೇ ಓದಬೇಕು.

"ಒಂದನೇ ಕ್ಲಾಸಿನ ಮೇಡಂ ಥರ ಅನ್ಕೊಳ್ಳಿ," ಎಂದು ನಗುತ್ತಾರೆ. "ಈ ಮಗು ಸ್ವಲ್ಪ ಮೊದ್ದು. ಮೊದಮೊದಲು 'ಕಾಲು ಸೆಳೆತ ಇಲ್ಲ' ಅಂತ ಬರೆದಿದ್ರೂ ಸೆಳೆತ ಇದೆ ಅಂತಲೇ ಲೆಕ್ಕ ಹಿಡೀತಿತ್ತು. ಇಲ್ಲ ಅನ್ನೋದನ್ನ ಅದಕ್ಕೆ ಅರ್ಥ ಮಾಡಿಸೋಷ್ಟರಲ್ಲಿ ಸಾಕುಸಾಕಾಯ್ತು."

ಈ ಎಲ್ಲ ಒದ್ದಾಟ ಯಾತಕ್ಕೆ? ಮೇಲಿನ ಮಹಡಿಯಲ್ಲಿ ಕೂರುವ ಸಂಶೋಧಕಿ ಇದನ್ನು ಬಿಡಿಸಿ ಹೇಳುತ್ತಾರೆ. ಅವರಿಗಿನ್ನೂ ಮೂವತ್ತೆರಡು ವರ್ಷ, ಮಾತು ಚುರುಕು. ರಕ್ತದಲ್ಲಿ ಸಕ್ಕರೆ ಏರಿದವರಿಗೆ ಮೂತ್ರ ಹೆಚ್ಚು. ಅದರ ಜೊತೆಗೆ ಮೆಗ್ನೀಸಿಯಂ ಸಹ ಸೋರಿಹೋಗುತ್ತದೆ. ಸೆಳೆತ, ಜುಮ್ಮೆನ್ನುವುದು, ಸುಸ್ತು ಇವೆಲ್ಲ ಕೆಲವರಲ್ಲಿ ಆ ಕೊರತೆಯ ಸುಳಿವಾಗಿರಬಹುದು. ಎಲ್ಲರಿಗೂ ಅದರ ಪರೀಕ್ಷೆ ಮಾಡಿಸಿರುವುದಿಲ್ಲ. ಹಾಗಾದರೆ ಹುಣ್ಣು ಆಗುವುದಕ್ಕೆ ವರ್ಷಗಳ ಮುಂಚೆಯೇ ಕಡತದ ಮೂಲೆಯಲ್ಲೆಲ್ಲೋ ಆ ಸುಳಿವು ಬರೆದಿರುತ್ತದೆಯೇ ಎಂಬುದು ಅವರ ಹುಡುಕಾಟ. "ಇದೆ ಅಂತಾನೂ ಹೇಳೋಕಾಗಲ್ಲ, ಇಲ್ಲ ಅಂತಾನೂ ಹೇಳೋಕಾಗಲ್ಲ. ಮೊದಲು ಓದ್ಬೇಕಲ್ಲ," ಎನ್ನುವ ಸಂಶೋಧಕಿ, "ಓದೋಕೆ ಬರೋದು ಕೆಳಗಿರೋ ನಮ್ಮ ಅಮ್ಮನಿಗೊಬ್ಬರಿಗೇ," ಎಂದು ಸೇರಿಸುತ್ತಾರೆ. ಪ್ರಬಂಧಗಳಲ್ಲಿ ಅಚ್ಚಾಗುವುದು ಮೇಲಿನ ಮಹಡಿಯವರ ಹೆಸರು. ಕೆಳಗಿನ ಕೋಣೆಯವರದು 'ಅನುಭವಿ ಓದುಗರು' ಎಂಬ ಎರಡು ಪದದಲ್ಲಿ ಮುಗಿಯುತ್ತದೆ.

ದಿನಕ್ಕೆ ನಲವತ್ತು ಹಾಳೆ. ಬೆಳಗಿನ ಆರರಿಂದ ಮಧ್ಯಾಹ್ನ ಎರಡರ ತನಕ, ನಡುವೆ ಎರಡು ಸಲ ಚಹಾ. ಎರಡೂವರೆ ವರ್ಷದಲ್ಲಿ ಮೂವತ್ತು ಸಾವಿರದ ಹತ್ತಿರ ಬಂದಿದ್ದಾರೆ. ಇನ್ನು ಹತ್ತು ಸಾವಿರ ಬಾಕಿ. 'ಮೆಗ್ನೀಸಿಯಂ' ಎಂಬ ಒಂದೇ ಪದವನ್ನು ವೈದ್ಯರು ಹದಿನೇಳು ಥರ ಮೊಟಕುಗೊಳಿಸಿ ಬರೆದದ್ದನ್ನು ಅವರು ಪಟ್ಟಿ ಮಾಡಿದ್ದಾರೆ. ಕೊರಳಿನ ನರ ಹಿಡಿದುಕೊಂಡು ಒಂದು ತಿಂಗಳು ಪಟ್ಟಿ ಕಟ್ಟಿಕೊಂಡೇ ಕೆಲಸ ಮಾಡಿದ್ದಾರೆ. ಬಲಗಣ್ಣಿನ ಪೊರೆ ತೆಗೆಸಿದ ಒಂಬತ್ತನೇ ದಿನ ಬಂದು ಕೂತು ಸಂಶೋಧಕಿಯಿಂದ ಬೈಸಿಕೊಂಡು ವಾಪಸು ಹೋಗಿದ್ದಾರೆ. "ಮನೆಯಲ್ಲಿ ಕೂತು ಏನು ಮಾಡ್ಲಿ? ಅಕ್ಕನ ಹೊಲಿಗೆ ಮಿಷನ್ನಿನ ಸದ್ದು ಕೇಳ್ತಾ ಕೂರೋದಾ?" ಎಂಬುದು ಅವರ ಸಮಜಾಯಿಷಿ.

ಸಮಜಾಯಿಷಿ ಏನೇ ಇರಲಿ, ನಿಜವಾದ ಕಾರಣ ಬೇರೆಯೇ ಇತ್ತು. ಆ ಆರು ಆಸ್ಪತ್ರೆಗಳಲ್ಲಿ ಒಂದರಲ್ಲಿ ಹತ್ತೊಂಬತ್ತು ವರ್ಷದ ಹಿಂದೆ ಅವರ ಗಂಡ ಸಕ್ಕರೆ ಕಾಯಿಲೆಯಿಂದ ಹನ್ನೆರಡು ದಿನ ಮಲಗಿದ್ದರು. ಮನೆಗೆ ಕಳಿಸುವ ದಿನ ವೈದ್ಯರು ಮಂಚದ ಪಕ್ಕ ನಿಂತು ಒಂದು ಹಾಳೆ ಬರೆದಿದ್ದರು. ಆ ದಿನ ಅದರಲ್ಲಿ ಏನು ಬರೆದರು ಎಂಬುದನ್ನು ಒಂದು ಸಲ ಕಣ್ಣಾರೆ ಓದಬೇಕೆಂಬುದೇ ಅವರ ಹಂಬಲ. ಹೆಸರಿಗೆ ಕಪ್ಪು ಬಳಿದಿರುತ್ತದೆ, ಹುಡುಕುವ ಹಾಗಿಲ್ಲ, ಹಾಳೆಗಳು ಚೀಟಿ ಎತ್ತಿದ ಹಾಗೆ ಹಿಂದುಮುಂದಾಗಿ ಬರುತ್ತವೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಂತ ಗೊತ್ತಿದ್ದೂ ದಿನಾ ಬೆಳಗ್ಗೆ ಮೊದಲ ಹಾಳೆ ತೆರೆಯುವಾಗ ಕಣ್ಣು ನೇರ ವಯಸ್ಸಿನ ಖಾನೆಗೆ ಹೋಗುತ್ತಿತ್ತು.

ಅವರು ಈ ಕುರ್ಚಿಗೆ ಬಂದ ಬಗೆಯೂ ಸ್ವಾರಸ್ಯದ್ದೇ. ಇಪ್ಪತ್ತೇಳು ವರ್ಷ ಒಂದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತವರು ಅವರು. ಯಾವ ವೈದ್ಯರ ಚೀಟಿಯಾದರೂ ಸರಿ, ಚೀಟಿ ಬಿಚ್ಚುವಷ್ಟರಲ್ಲಿ ಕೈ ಮಾತ್ರೆಯ ಡಬ್ಬಿಗೆ ಹೋಗಿರುತ್ತಿತ್ತು. ಒಂದು ದಿನ ತಲೆನೋವಿನ ಮಾತ್ರೆ ಕೇಳಿಕೊಂಡು ಸಂಶೋಧಕಿ ಬಂದರು. ತಲೆನೋವಿಗೆ ಕಾರಣವಾದ ಹಾಳೆ ಅವರ ಕೈಯಲ್ಲೇ ಇತ್ತು. ಸಂಸ್ಥೆಯ ಐದು ಜನ ಪದವೀಧರರು ಎರಡು ದಿನ ಗುದ್ದಾಡಿದರೂ ಮೂರನೇ ಸಾಲು ಬಗೆಹರಿದಿರಲಿಲ್ಲ. ಕೌಂಟರಿನಾಚೆಯಿಂದ ತಲೆಕೆಳಗಾಗಿಯೇ ನೋಡಿದ ಈಯಮ್ಮ ಮಾತ್ರೆ ಕತ್ತರಿಸುತ್ತಲೇ ಆ ಸಾಲನ್ನು ಗಟ್ಟಿಯಾಗಿ ಓದಿಬಿಟ್ಟರು. "ಚಿಲ್ಲರೆ ಕೂಡ ಇಸ್ಕೊಳ್ದೆ ಓಡಿಹೋದ್ಲು ಹುಡುಗಿ. ಮಾರನೇ ದಿನ ಬಂದು ಕೆಲಸಕ್ಕೆ ಬರ್ತೀರಾ ಅಂದ್ಲು," ಎಂದು ನೆನೆಯುತ್ತಾರೆ. ಸಂಬಳ ಎಷ್ಟು ಎಂದು ಅವರು ಕೇಳಲಿಲ್ಲ. ಯಾವ ಯಾವ ಆಸ್ಪತ್ರೆ ಎಂದು ಕೇಳಿದರು. ನಾಲ್ಕನೇ ಹೆಸರು ಕಿವಿಗೆ ಬಿದ್ದದ್ದೇ ಒಪ್ಪಿಕೊಂಡರು.

ಗಂಡನ ಮಾತೆತ್ತಿದರೆ ಮುಖದಲ್ಲೊಂದು ನಗು ಮೂಡುತ್ತದೆ, ಕಣ್ಣು ಮಾತ್ರ ನಗುವುದಿಲ್ಲ. ಅವರಿಗೊಂದು ಕ್ಷೌರದ ಅಂಗಡಿ ಇತ್ತು. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಕೆಲಸ. "ಬಾಯಿ ಅಂದ್ರೆ ಬಾಯಿ! ಕತ್ತರಿಗಿಂತ ನಾಲಗೆನೇ ಜಾಸ್ತಿ ಓಡ್ತಿತ್ತು. ಆದ್ರೆ ತನ್ನ ನೋವಿನ ವಿಷಯ ಬಂದ್ರೆ ಬಾಯಿಗೆ ಬೀಗ." ರಾತ್ರಿ ಮೀನಖಂಡ ಸೆಳೆದು ಎದ್ದು ಕೂರುತ್ತಿದ್ದರು. ಹೆಂಡತಿ ಕಾಲು ತಿಕ್ಕುತ್ತಿದ್ದರು. "ದಿನವಿಡೀ ನಿಂತವನಿಗೆ ಸೆಳೆಯದೆ ಇನ್ಯಾರಿಗೆ ಸೆಳೆಯುತ್ತೆ, ಮಲಕ್ಕೊಳ್ಳೇ," ಎನ್ನುತ್ತಿದ್ದರಂತೆ. ಹೀಗೆ ಎರಡು ವರ್ಷ. ಕೊನೆಗೊಂದು ದಿನ ಬಿದ್ದ ಬ್ಲೇಡನ್ನು ತುಳಿದದ್ದು ಅವರಿಗೇ ಗೊತ್ತಾಗಲಿಲ್ಲ. ಹೆಬ್ಬೆರಳು ಕಪ್ಪಾಗಿ ವಾಸನೆ ಬಂದಾಗ ಗೊತ್ತಾಯಿತು.

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ಮೆಡಿಕಲ್ ಶಾಪಿಗೆ ಸಕ್ಕರೆ ಮಾತ್ರೆಗೆ ಬಂದವರನ್ನೆಲ್ಲ ನಿಲ್ಲಿಸಿ "ಕಾಲು ಜುಮ್ ಅನ್ನುತ್ತಾ? ಸೆಳೆಯುತ್ತಾ? ಹೋಗಿ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ," ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದದ್ದು ಇದೇ ಹೆಂಗಸು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಬಂದ ಗಂಡ ಹನ್ನೊಂದು ತಿಂಗಳಿಗೆ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡರು. ಅದಾಗಿ ನಾಲ್ಕು ತಿಂಗಳಿಗೆ ಪೂರಾ ಹೋದರು. ಅಂಗಡಿಯ ಎರಡು ಕುರ್ಚಿಗಳಲ್ಲಿ ಒಂದು ಈಗಲೂ ಅಕ್ಕತಂಗಿಯರ ಮನೆಯಲ್ಲಿದೆ. ಅಕ್ಕ ಅದರ ಮೇಲೆ ಹೊಲಿದ ಬಟ್ಟೆ ಪೇರಿಸುತ್ತಾರೆ, ತಂಗಿ ದಿನಾ ಅದನ್ನು ಇಳಿಸುತ್ತಾರೆ.

ಇಲ್ಲಿ ಇನ್ನೊಬ್ಬರ ವಿಷಯ ಹೇಳಬೇಕು. ಪ್ರತಿ ಹಾಳೆಯನ್ನೂ ಇಬ್ಬರು ಓದಬೇಕೆಂಬುದು ಈ ಕೆಲಸದ ಕಟ್ಟಳೆ. ಒಬ್ಬರ ಬಣ್ಣ ಇನ್ನೊಬ್ಬರಿಗೆ ಕಾಣುವುದಿಲ್ಲ, ಇಬ್ಬರೂ ಮಾತಾಡುವ ಹಾಗಿಲ್ಲ. ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡುತ್ತಾರೆ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಸಂಶೋಧಕಿ ತೀರ್ಪು ಕೊಡುತ್ತಾರೆ. ಆ ಎರಡನೆಯವರು ಬೇರೆ ಊರಿನಲ್ಲಿರುವ ನಿವೃತ್ತ ಕಾಂಪೌಂಡರ್. ಭೂತಗನ್ನಡಿಯಮ್ಮ ಅವರ ಮುಖ ನೋಡಿಲ್ಲ, ದನಿ ಕೇಳಿಲ್ಲ. "ಆದ್ರೂ ತಿಂಗಳ ತಾಳೆಪಟ್ಟಿ ನೋಡಿ ನೋಡಿ ಆ ಮನುಷ್ಯ ನನಗೆ ಚೆನ್ನಾಗಿ ಗೊತ್ತು. ಊಟ ಆದ್ಮೇಲೆ ತೂಕಡಿಸ್ತಾರೆ, ಮಧ್ಯಾಹ್ನದ ಹಾಳೆಗಳಲ್ಲಿ ಹಸಿರು ಬಿಟ್ಟುಹೋಗಿರುತ್ತೆ. ಹುಣ್ಣು ಅಂದ್ರೆ ಅವರಿಗೆ ಸಂಕಟ, ಕೆಂಪು ಮಾತ್ರ ಒಂದೂ ಬಿಡಲ್ಲ," ಎನ್ನುತ್ತಾರೆ. ನೂರರಲ್ಲಿ ತೊಂಬತ್ತಾರು ಕಡೆ ಇಬ್ಬರದೂ ಒಂದೇ ಬಣ್ಣ. ಗಂಡಹೆಂಡಿರ ನಡುವೆಯೂ ಇಷ್ಟು ಒಮ್ಮತ ಇರುವುದಿಲ್ಲ ಬಿಡಿ.

ಕಳೆದ ವರ್ಷ ಒಂದು ಮಂಗಳವಾರ, ಬೆಳಗಿನ ಹನ್ನೊಂದನೇ ಹಾಳೆ. ಹೆಸರಿಗೆ ಕಪ್ಪು ಪಟ್ಟಿ. ವಯಸ್ಸು ನಲವತ್ತಾರು. ನಿಂತು ಮಾಡುವ ಕೆಲಸ. ಎಡಗಾಲ ಹೆಬ್ಬೆರಳಿಗೆ ಬ್ಲೇಡಿನ ಗಾಯ, ರೋಗಿಗೆ ತಿಳಿದದ್ದು ತಡವಾಗಿ. ಇಂಥ ಗಾಯ ಎಷ್ಟೋ ಜನಕ್ಕೆ ಆಗಿರುತ್ತದೆ ಎಂದುಕೊಂಡು ಟೈಪು ಮಾಡುತ್ತಾ ಹೋದರು. ಕೆಳಗೆ ನರ್ಸ್ ಬರೆದ ಒಂದು ಸಾಲಿತ್ತು: 'ರೋಗಿಯು ವಾರ್ಡಿನ ನಾಲ್ವರಿಗೆ ಕ್ಷೌರ ಮಾಡಿದ್ದಾರೆ. ಹಾಗೆ ಮಾಡಬಾರದೆಂದು ತಿಳಿಸಲಾಗಿದೆ.'

ಭೂತಗನ್ನಡಿಯಮ್ಮ ಜೋರಾಗಿ ನಕ್ಕುಬಿಟ್ಟರಂತೆ. ನಕ್ಕವರಿಗೆ ನಗು ನಿಲ್ಲಲೊಲ್ಲದು. ಕಣ್ಣು ಒರೆಸಿಕೊಂಡು ನೋಡಿದರೆ ಅಳುತ್ತಿದ್ದಾರೆ. ಹದಿನೆಂಟು ವರ್ಷದ ಮೇಲೆ ಗಂಡನ ಸುದ್ದಿ ಬಂದಿತ್ತು. ಅದೂ ತಂಟೆ ಮಾಡಿ ಬೈಸಿಕೊಂಡ ಸುದ್ದಿ. "ಆ ಕ್ಷಣ ಅವರು ಇಲ್ಲೇ ಎಲ್ಲೋ ಇದಾರೆ ಅನ್ನಿಸ್ತು. ಕೈ ಚಾಚಿದ್ರೆ ಸಿಕ್ತಾರೆ ಅನ್ನಿಸ್ತು," ಎನ್ನುತ್ತಾರೆ.

ನಿಯಮದ ಪ್ರಕಾರ ಆ ಹಾಳೆಯನ್ನು ಅಲ್ಲೇ ಎತ್ತಿಡಬೇಕಿತ್ತು. ಎತ್ತಿಡಲಿಲ್ಲ. ಹಾಳೆಯ ಕೊನೆಯಲ್ಲಿ ಅವರು ಇಷ್ಟು ವರ್ಷ ಹುಡುಕಿದ ಸಾಲು ಇತ್ತು. ವೈದ್ಯರ ಅಕ್ಷರ ದುಂಡಗೆ, ಮುದ್ದಾಗಿತ್ತು. ಭೂತಗನ್ನಡಿಯೇ ಬೇಕಾಗಿರಲಿಲ್ಲ: 'ಬೇರೆ ದೂರು ಇಲ್ಲ. ಮನೆಗೆ ಕಳಿಸಬಹುದು.'

ಅದನ್ನು ಟೈಪು ಮಾಡಿದರು. ಬೂದು ಬಣ್ಣ ಹಾಕಬೇಕಾದ ಕಡೆ ಹಳದಿ ಹಾಕಿದರು. ದೂರಿನ ಹೆಸರು ಬರೆಯುವ ಖಾನೆಯಲ್ಲಿ 'ಕಾಲಿನ ಸೆಳೆತ, ಎರಡು ವರ್ಷದಿಂದ, ರಾತ್ರಿ ಹೆಚ್ಚು' ಎಂದು ತುಂಬಿದರು. ಮುಂದಿನ ಹಾಳೆ ತೆರೆದರು. ಹದಿನೇಳು ಸಾವಿರ ಹಾಳೆ ಓದಿದ ಕೈ ಅದು. ಬರೆಯದೆ ಇರುವುದನ್ನು ಒಮ್ಮೆಯೂ ಬರೆದಿರದ ಕೈ.

ತಿಂಗಳ ಕೊನೆಗೆ ತಾಳೆ ನೋಡಿದಾಗ ಸಿಕ್ಕಿಬಿತ್ತು. ಕಾಂಪೌಂಡರ್ ಅಲ್ಲಿ ಸರಿಯಾಗಿ ಬೂದು ಹಾಕಿದ್ದರು. ಸಂಶೋಧಕಿ ಮೆಟ್ಟಿಲಿಳಿದು ಬಂದರು.

"ಅಮ್ಮಾ, ಇಲ್ಲಿ ದೂರು ಇಲ್ಲ ಅಂತ ಇದೆ. ನೀವು ಸೆಳೆತ ಅಂತ ಹಾಕಿದೀರಿ. ಸೆಳೆತ ಎಲ್ಲಿದೆ?"

"ಇದೆ."

"ಎಲ್ಲಿ?"

"ಕಾಲಲ್ಲಿ."

"ಅಯ್ಯೋ ಅಮ್ಮಾ, ಹಾಳೆಯಲ್ಲಿ ಎಲ್ಲಿದೆ ಅಂತ ಕೇಳಿದ್ದು."

ಸಂಶೋಧಕಿ ಹಾಳೆಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದರು. ಕ್ಷೌರದ ಸಾಲಿಗೆ ಬಂದಾಗ ಅವರಿಗೆ ಹೊಳೆಯಿತು. ಗಂಡನ ಅಂಗಡಿಯ ಕಥೆಗಳನ್ನು ಚಹಾದ ಜೊತೆ ಎಷ್ಟು ಸಲ ಕೇಳಿರಲಿಲ್ಲ! ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು. "ನೀವು ಅವತ್ತು ಹೇಳಿದ್ರಿ, ಡಾಕ್ಟರು ಬರೀಲೇ ಇಲ್ಲ. ಹೌದಲ್ವಾ?" ಎಂದರು. ಹುಡುಗಿಗೆ ಸಿಟ್ಟು ಬಂದಿತ್ತು. ಹೀಗೆ ಎಷ್ಟು ಹೆಂಗಸರ ಮಾತನ್ನು ಕಿವಿಗೇ ಹಾಕಿಕೊಂಡಿಲ್ಲವೋ ಎಂದು ಕೂಗಾಡಿದರು. ಭೂತಗನ್ನಡಿಯಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ತಲೆ ತಗ್ಗಿಸಿ ಕೂತರು. ಸಂಶೋಧಕಿ ಅದನ್ನೇ ಹೌದು ಎಂದುಕೊಂಡು ಮೇಲೆ ಹೋದರು.

ಎರಡು ದಿನ ಎಂದಿನಂತೆ ನಲವತ್ತು ನಲವತ್ತು ಹಾಳೆ ಓದಿದರು. "ಬರೆದೋರು ತಪ್ಪು ಅಂತ ಹುಡುಗಿ ತೀರ್ಮಾನ ಮಾಡಿಬಿಟ್ಟಿದ್ಲು. ಸುಮ್ನಿದ್ರೆ ನಂದೇ ಗೆಲುವು. ಯಾರು ಬಂದು ಕೇಳ್ತಾರೆ? ಆದ್ರೆ ಆ ದುಂಡಗಿನ ಅಕ್ಷರ ಕಣ್ಮುಂದೆ ಬರ್ತಾನೇ ಇತ್ತು. ಪಾಪ, ಅವರೇನು ಮಾಡಿದ್ರು?" ಮೂರನೇ ದಿನ ಅವರೇ ಮೆಟ್ಟಿಲು ಹತ್ತಿದರು. ಎರಡೂವರೆ ವರ್ಷದಲ್ಲಿ ಅವರು ಮೇಲಿನ ಮಹಡಿಗೆ ಹೋದದ್ದು ಅದೊಂದೇ ಸಲ. ಬಾಗಿಲಲ್ಲೇ ನಿಂತು ಹೇಳಿದರು: "ನಾನು ಹೇಳಲಿಲ್ಲಮ್ಮ."

ಗಂಡನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ ಆ ಬೆಳಗ್ಗೆ ನಡೆದದ್ದು ಇಷ್ಟು. ವೈದ್ಯರು ಬರುವ ಮೊದಲು ಗಂಡ ಹೆಂಡತಿಯ ಕೈ ಹಿಡಿದು, "ಸೆಳೆತದ ವಿಷಯ ಎತ್ತಬೇಡ ಕಣೇ. ಇನ್ನೂ ಹತ್ತು ದಿನ ಇಲ್ಲೇ ಕೆಡವ್ತಾರೆ. ಸಾಕು, ಮನೆಗೆ ಹೋಗೋಣ," ಎಂದಿದ್ದರು. ವೈದ್ಯರು ಬಂದರು. ಗಾಯ ನೋಡಿದರು. "ಬೇರೆ ಏನಾದ್ರೂ ತೊಂದರೆ ಇದೆಯಾ?" ಎಂದು ಕೇಳಿದರು. "ಏನಿಲ್ಲ ಸಾರ್, ಕಲ್ಲುಗುಂಡಿನ ಹಾಗಿದೀನಿ," ಎಂದರು ಗಂಡ. ಬರೆಯಲು ಹೊರಟ ವೈದ್ಯರು ಪೆನ್ನು ತಡೆದು ಇತ್ತ ತಿರುಗಿದರು. "ನೀವೇನಾದ್ರೂ ಹೇಳೋದಿದೆಯಾಮ್ಮ?" ಎಂದೂ ಕೇಳಿದರು. ಎರಡು ವರ್ಷ ದಿನಾ ರಾತ್ರಿ ಆ ಕಾಲು ತಿಕ್ಕಿದವರು, ಅಂಗಡಿಗೆ ಬಂದ ನೂರಾರು ಜನಕ್ಕೆ ಮುಚ್ಚಿಡಬೇಡಿ ಎಂದವರು, ಇಲ್ಲವೆಂದು ತಲೆಯಾಡಿಸಿದರು.

"ಅವರು ಬೇಡ ಅಂದ್ರು ಅಂತ ಮಾತ್ರ ಅಲ್ಲ," ಎನ್ನುತ್ತಾರೆ. "ನಿಜ ಹೇಳ್ಬೇಕಂದ್ರೆ ನನಗೂ ಅವರು ಮನೆಗೆ ಬರಬೇಕಿತ್ತು. ಹನ್ನೆರಡು ದಿನ ಒಬ್ಬಳೇ ಮಲಗಿದ್ದೆ. ಮನೆ ಭಣಭಣ ಅಂತಿತ್ತು. ಕರ್ಕೊಂಡು ಹೋದ್ರೆ ಸಾಕು ಅನ್ನಿಸಿತ್ತು. ಆ ಆಸೆ ನಂದು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಆ ಬಂಗಾರ ಇಟ್ಕೊಂಡು ನಾನೀಗ ಏನು ಮಾಡ್ಲಿ?"

ಹೇಳಿದ್ದರೆ ಕಾಲು ಉಳಿಯುತ್ತಿತ್ತು ಎಂದು ಯಾರೂ ಹೇಳಲಾರರು. ಸಂಶೋಧಕಿ ಅದನ್ನು ಅವರಿಗೆ ತಾಳ್ಮೆಯಿಂದ ವಿವರಿಸಿದ್ದಾರೆ. ಸೆಳೆತಕ್ಕೆ ಹತ್ತು ಕಾರಣ ಇರುತ್ತವೆ, ಮೆಗ್ನೀಸಿಯಂ ಕಡಿಮೆ ಇತ್ತೋ ಇಲ್ಲವೋ ಗೊತ್ತಿಲ್ಲ, ಇದ್ದು ಅದನ್ನು ಸರಿಪಡಿಸಿದ್ದರೂ ಹುಣ್ಣು ತಪ್ಪುತ್ತಿತ್ತು ಎಂಬುದಕ್ಕೆ ಪುರಾವೆ ಇಲ್ಲ. ಭೂತಗನ್ನಡಿಯಮ್ಮ ಎಲ್ಲವನ್ನೂ ಕೇಳಿಸಿಕೊಂಡು ತಲೆದೂಗಿದರು. "ಗೊತ್ತಮ್ಮಾ. ಆದ್ರೆ ಹೇಳಿದ್ರೆ ಆ ಡಾಕ್ಟರು ಬರೀತಿದ್ರು. ಅಷ್ಟು ಚೆಂದ ಬರೆಯೋರು ಅದನ್ನೂ ಬರೀತಿದ್ರು," ಎಂದರು.

ನಿಯಮ ನಿಯಮವೇ. ಆ ಹಾಳೆಯನ್ನು ಪಟ್ಟಿಯಿಂದ ತೆಗೆದರು. ಕಂಪ್ಯೂಟರು ಓದಿ ಕಲಿಯುವ ನಲವತ್ತು ಸಾವಿರ ಹಾಳೆಗಳಲ್ಲಿ ಅದೊಂದು ಇರುವುದಿಲ್ಲ. ಭೂತಗನ್ನಡಿಯಮ್ಮನ ಹಿಂದಿನ ಸಾವಿರ ಹಾಳೆಗಳನ್ನು ಬೇರೆಯವರಿಂದ ಮತ್ತೆ ಓದಿಸಿದರು. ಅವರನ್ನು ಕೆಲಸದಿಂದ ಬಿಡಿಸಬೇಕೆಂಬ ಮಾತೂ ಒಂದು ಸಭೆಯಲ್ಲಿ ಬಂದಿತ್ತು. ಮರು ಓದಿನಲ್ಲಿ ಒಂದೂ ತಪ್ಪು ಸಿಗದೆ ಆ ಮಾತು ಅಲ್ಲಿಗೇ ನಿಂತಿತು. ತಾನು ಮಾಡಿದ್ದು ತಪ್ಪು ಎಂದು ಭೂತಗನ್ನಡಿಯಮ್ಮ ಕಾಗದದಲ್ಲಿ ಬರೆದು ರುಜು ಹಾಕಿಕೊಟ್ಟರು. ಪತ್ರಿಕೆಗೆ ನನ್ನ ಬಗ್ಗೆ ಬರೆಯುವುದಾದರೆ ಇದನ್ನು ಬಿಡಬೇಡಿ ಎಂದು ಹೇಳಿದ್ದೂ ಅವರೇ.

ಒಂದು ಬದಲಾವಣೆ ಮಾತ್ರ ಆಯಿತು. ಸಂಶೋಧಕಿ ಹೊಸದೊಂದು ಬಣ್ಣ ಸೇರಿಸಿದರು. ರೋಗಿಯಲ್ಲದೆ ಜೊತೆಗಿದ್ದವರು ಹೇಳಿದ ಮಾತನ್ನು ವೈದ್ಯರೋ ನರ್ಸೋ ಬರೆದಿದ್ದರೆ ಅದಕ್ಕೆ ನೀಲಿ. 'ಮಗಳು ಹೇಳುವಂತೆ ನಡೆಯುವಾಗ ಚಪ್ಪಲಿ ಜಾರುತ್ತದೆ.' 'ಹೆಂಡತಿಯ ಪ್ರಕಾರ ರಾತ್ರಿ ನಿದ್ದೆ ಇಲ್ಲ.' ಅಲ್ಲಿಂದೀಚೆಗೆ ಓದಿದ ಹನ್ನೆರಡು ಸಾವಿರ ಹಾಳೆಗಳಲ್ಲಿ ನೀಲಿ ಬಂದದ್ದು ಆರುನೂರ ಚಿಲ್ಲರೆ. ಆ ಲೆಕ್ಕವನ್ನು ಕೇಳಿದ ದಿನ ಭೂತಗನ್ನಡಿಯಮ್ಮ, "ಮಿಕ್ಕೋರೆಲ್ಲ ನನ್ನ ಹಾಗೇ ತಲೆ ಆಡಿಸ್ತಾ ನಿಂತಿದ್ರೇನೋ," ಎಂದರಂತೆ. ನೀಲಿ ಸಿಕ್ಕಿದ ದಿನ ಅವರ ಮುಖ ನೋಡಬೇಕು. ಗಂಟಲು ಸರಿಮಾಡಿಕೊಂಡು ಆ ಸಾಲನ್ನು ಖಾಲಿ ಕೋಣೆಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ.

ಕೋಣೆಯಲ್ಲಿ ಕಲಿತದ್ದನ್ನು ಮನೆಗೂ ಒಯ್ದಿದ್ದಾರೆ. ಅಕ್ಕನಿಗೂ ಈಗ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ತಿಂಗಳು ಇಬ್ಬರೂ ಕ್ಲಿನಿಕ್ಕಿಗೆ ಹೋದರು. ಬೇರೇನಾದರೂ ತೊಂದರೆಯೇ ಎಂದು ಅಲ್ಲಿನ ವೈದ್ಯೆ ಕೇಳಿದರು. "ಏನೂ ಇಲ್ಲ," ಎಂದರು ಅಕ್ಕ. "ಸುಳ್ಳು ಡಾಕ್ಟ್ರೇ!" ಎಂದು ತಂಗಿ ಎದ್ದು ನಿಂತರು. ಪಾದ ಉರಿಯುವುದು, ಮೀನಖಂಡ ಸೆಳೆಯುವುದು, ಕದ್ದು ಸಿಹಿ ತಿನ್ನುವುದು ಎಲ್ಲವನ್ನೂ ಒದರಿದರು. ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿತು. ದಾರಿಯುದ್ದಕ್ಕೂ ಅಕ್ಕ, "ಕಾಲು ನಂದು, ಬಾಯಿ ನಂದು. ನಿಂದೇನೇ ಅಧಿಕಪ್ರಸಂಗ?" ಎಂದು ಸಿಡಿದರು. ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ರಕ್ತದ ವರದಿ ಬಂತು. ಖನಿಜ ಎಲ್ಲ ಸರಿಯಾಗಿಯೇ ಇತ್ತು. ಚಪ್ಪಲಿ ಬದಲಾಯಿಸಿ, ಮಿಷನ್ ತುಳಿಯುವುದನ್ನು ಕಡಿಮೆ ಮಾಡಿ ಎಂದರು ವೈದ್ಯೆ. "ಇಷ್ಟಕ್ಕೇ ಊರಿಗೆಲ್ಲ ಡಂಗುರ ಹೊಡೆದ್ಯಲ್ಲೇ ಮಾರಾಯ್ತಿ!" ಎಂದು ಅಕ್ಕ ಹಣೆ ಚಚ್ಚಿಕೊಂಡರು. ತಂಗಿಗೆ ಅದರಿಂದ ಏನೂ ಬೇಜಾರಿಲ್ಲ.

ಗಂಟೆ ಎರಡಾಗುತ್ತಿದೆ. ಇವತ್ತಿನ ನಲವತ್ತರಲ್ಲಿ ಇನ್ನೊಂದು ಹಾಳೆ ಉಳಿದಿದೆ. ಇನ್ನು ಹತ್ತು ತಿಂಗಳಲ್ಲಿ ಈ ಕೆಲಸ ಮುಗಿಯುತ್ತದೆ. ಆಮೇಲೆ ಕಂಪ್ಯೂಟರು ತಾನೇ ಓದಿಕೊಳ್ಳುತ್ತದೆ, ಈ ಕೋಣೆಗೆ ಯಾರೂ ಬೇಕಾಗುವುದಿಲ್ಲ. ನಿಮಗೇನಾದರೂ ಆಸೆ ಇದೆಯೇ, ಪ್ರಬಂಧದಲ್ಲಿ ಹೆಸರು ಬರಬೇಕು ಅಂತಲೋ ಮತ್ತೇನೋ ಎಂದು ಕೇಳಿದರೆ ಭೂತಗನ್ನಡಿಯಮ್ಮ ಜೋರಾಗಿ ತಲೆ ಅಲ್ಲಾಡಿಸುತ್ತಾರೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

"ದೊಡ್ಡ ಆಸೆ ಏನಿಲ್ಲ ನೋಡಿ. ಆ ಮಂಚದ ಪಕ್ಕ ಇನ್ನೊಂದೇ ಒಂದು ಸಲ ನಿಲ್ಬೇಕು. ಡಾಕ್ಟರು ನನ್ನ ಕಡೆ ತಿರುಗಿ, ನೀವೇನಾದ್ರೂ ಹೇಳೋದಿದೆಯಾಮ್ಮ ಅಂತ ಕೇಳ್ಬೇಕು. ಇವರು ಬೇಡ ಬೇಡ ಅಂತ ಕಣ್ಣು ಬಿಡ್ಲಿ, ಬೈಲಿ, ಮನೆಗೆ ಬರೋದು ಇನ್ನೂ ಹತ್ತು ದಿನ ತಡ ಆಗ್ಲಿ, ನಾನೊಬ್ಬಳೇ ಮಲಗ್ತೀನಿ. ಹೂಂ ಡಾಕ್ಟ್ರೇ, ಇದೆ ಅಂತೀನಿ."